ಮೋಟು ಕ್ಯೂ ಮತ್ತು ನಮ್ಮ ಮನೆಯ ಮಾತು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಮಾತನಾಡಲು ಕರೆದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೇಗೆ ಸಿದ್ಧರಾಗಬೇಕು ಎಂಬ ವಿಷಯವನ್ನೇ ಎಲ್ಲರೂ ನಿರೀಕ್ಷಿಸಿದ್ದಿರಬಹುದು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯಲ್ಲೇ ಮೂವರಿದ್ದಾರೆ. ನಾನು ಒಂದು ಆಟದ ಬಗ್ಗೆ, ಆ ಆಟದಲ್ಲಿ ಬರುವ ಕೆಲವು ವಿಚಿತ್ರ ಇಂಗ್ಲಿಷ್ ಪದಗಳ ಬಗ್ಗೆ ಮಾತನಾಡುತ್ತೇನೆ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಗೆ ಇಂಗ್ಲಿಷ್ ಪದಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನನ್ನದೇ ಒಂದು ತಪ್ಪಿನಲ್ಲಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ಹಳೆಯ ಸ್ಕ್ರ್ಯಾಬಲ್ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ಶನಿವಾರದ ಕೊನೆಯ ಅವಧಿಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ಆಡುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಾ ಅಂಪೈರ್ ಕೆಲಸವನ್ನೂ ಮಾಡುತ್ತಿದ್ದೆ. ಒಬ್ಬ ಹುಡುಗಿ ಬಹಳ ಹೊತ್ತು ಯೋಚಿಸಿ ನಾಲ್ಕು ಅಕ್ಷರ ಜೋಡಿಸಿದಳು: ಕ್ಯೂ, ಎ, ಡಿ, ಐ. ಪಕ್ಕದವಳು "ಟೀಚರ್, ಇದು ಇದೆಯಾ?" ಎಂದು ಕೂಗಿದಳು. ನಾನು ತಲೆಯೆತ್ತಿ ನೋಡಿ, "ಖಾಜಿ ಅಂದರೆ ಉರ್ದು ಕಣಮ್ಮ, ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಯು ಬರಲೇಬೇಕು, ತೆಗಿ" ಎಂದೆ. ಅವಳು ಒಂದು ಮಾತೂ ಆಡದೆ ಬಿಲ್ಲೆಗಳನ್ನು ಎತ್ತಿಕೊಂಡಳು. ಕ್ಯೂ ಅವಳ ಕೈಯಲ್ಲೇ ಉಳಿದು ಆಟ ಸೋತಳು.

ಆ ರಾತ್ರಿ ಏಕೋ ಸಮಾಧಾನವಾಗಲಿಲ್ಲ. ನಿಘಂಟು ತೆಗೆದು ನೋಡಿದೆ. ಖಾಜಿ ಇದ್ದ. ಕ್ಯೂನಿಂದ ಇದ್ದ, ಸಿ ಅಕ್ಷರದಿಂದ ಇದ್ದ, ಕೆ ಅಕ್ಷರದಿಂದಲೂ ಇದ್ದ. ಮೂರು ವೇಷದಲ್ಲಿ ಒಬ್ಬನೇ ಮನುಷ್ಯ. ಸೋಮವಾರ ತರಗತಿಯಲ್ಲಿ ಎಲ್ಲರ ಎದುರಿಗೇ ಆ ಹುಡುಗಿಗೆ ನನ್ನ ತಪ್ಪನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಟೀಚರ್, ನಮಗೆ ಇನ್ನೂ ಎಷ್ಟು ಗೊತ್ತಿರಬಹುದು?" ಎಂದು ಕೇಳಿದಳು. ಈ ಭಾಷಣ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ. ಸರಿಯಾದ ಪದವನ್ನು ತಪ್ಪೆಂದು ಆಕ್ಷೇಪಿಸಿದವರಿಗೇ ದಂಡ ಹಾಕುವ ನಿಯಮ ಹಲವು ಸ್ಪರ್ಧೆಗಳಲ್ಲಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಲೆಕ್ಕದಲ್ಲಿ ದಂಡ ನನಗೆ ಬೀಳಬೇಕಿತ್ತು.

ಆಟ ಗೊತ್ತಿಲ್ಲದ ಹಿರಿಯರಿಗಾಗಿ ಎರಡು ಮಾತು. ಸ್ಕ್ರ್ಯಾಬಲ್ ಆಟವನ್ನು ರೂಪಿಸಿದವರು ಅಮೆರಿಕದ ಆಲ್ಫ್ರೆಡ್ ಬಟ್ಸ್. ಅವರು ವಾಸ್ತುಶಿಲ್ಪಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದಾಗ, ಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಒಂದೊಂದಾಗಿ ಎಣಿಸಿದರು. ಹೆಚ್ಚು ಬರುವ ಅಕ್ಷರಕ್ಕೆ ಕಡಿಮೆ ಅಂಕ, ಅಪರೂಪದ ಅಕ್ಷರಕ್ಕೆ ಹೆಚ್ಚು ಅಂಕ. ಇ ಅಕ್ಷರದ ಬಿಲ್ಲೆಗಳು 12, ಪ್ರತಿಯೊಂದಕ್ಕೆ ಒಂದೇ ಅಂಕ. ಕ್ಯೂ ಮತ್ತು ಝಡ್ ತಲಾ ಒಂದೊಂದೇ, ಆದರೆ 10 ಅಂಕ. ಒಟ್ಟು ನೂರು ಬಿಲ್ಲೆಗಳು, ಅದರಲ್ಲಿ ಎರಡು ಖಾಲಿ. ಅವನ್ನು ಯಾವ ಅಕ್ಷರವಾಗಿಯೂ ಬಳಸಬಹುದು, ಅಂಕ ಮಾತ್ರ ಸೊನ್ನೆ. ಹಲಗೆಯ ಮೇಲೆ ಅಡ್ಡ 15, ಉದ್ದ 15 ಮನೆಗಳು. ಪ್ರತಿಯೊಬ್ಬರ ಕೈಯಲ್ಲಿ ಏಳು ಬಿಲ್ಲೆ. ಏಳನ್ನೂ ಒಮ್ಮೆಗೇ ಇಟ್ಟರೆ 50 ಅಂಕ ಹೆಚ್ಚುವರಿ. 1948ರಲ್ಲಿ ಜೇಮ್ಸ್ ಬ್ರೂನೋ ಎಂಬುವರು ಇದಕ್ಕೆ ಈಗಿನ ಹೆಸರಿಟ್ಟು ಮಾರಾಟಕ್ಕೆ ತಂದರು. ಇಷ್ಟು ಸಾಕು.

ಈಗ ಕ್ಯೂ ವಿಷಯಕ್ಕೆ ಬರೋಣ. ಆಟಗಾರರಿಗೆ ಕ್ಯೂ ಎಂದರೆ ಆಸೆಯೂ ಹೌದು, ಭಯವೂ ಹೌದು. ಯು ಬಿಲ್ಲೆಗಳು ನಾಲ್ಕೇ ನಾಲ್ಕು. ಅವೆಲ್ಲ ಮುಗಿದ ಮೇಲೆ ಕೈಗೆ ಕ್ಯೂ ಬಂದರೆ ಅದನ್ನು ಇಡಲು ಜಾಗವಿಲ್ಲ. ಕೊನೆಯಲ್ಲಿ ಕೈಯಲ್ಲೇ ಉಳಿದರೆ ನಿಮ್ಮ 10 ಅಂಕ ಕಳೆದು ಎದುರಾಳಿಗೆ 10 ಸೇರಿಸುತ್ತಾರೆ. ಹಾಗಾಗಿ ಯು ಇಲ್ಲದ ಕ್ಯೂ ಪದಗಳನ್ನು ಪ್ರಪಂಚದ ಎಲ್ಲ ಆಟಗಾರರೂ ಬಾಯಿಪಾಠ ಮಾಡುತ್ತಾರೆ.

ಇಂಗ್ಲಿಷಿನಲ್ಲಿ ಕ್ಯೂ ಜೊತೆ ಯು ಅಂಟಿಕೊಂಡಿರುವುದು ಮೊದಲಿನಿಂದ ಬಂದದ್ದಲ್ಲ. ಹಳೆಯ ಇಂಗ್ಲಿಷಿನವರು ರಾಣಿ ಎಂಬ ಪದವನ್ನು ಸಿ ಮತ್ತು ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಬರವಣಿಗೆಯ ರೂಢಿ ಬಂದು ಸಿ-ಡಬ್ಲ್ಯು ಹೋಗಿ ಕ್ಯೂ-ಯು ಆಯಿತು. ಆ ಕ್ಯೂ ಅಕ್ಷರ ಇನ್ನೂ ಹಿಂದಕ್ಕೆ ಹೋದರೆ ಫಿನೀಷಿಯನ್ನರ ಲಿಪಿಯಿಂದ ಬಂದದ್ದು. ನಮ್ಮ ಉರ್ದುವಿನ ಬಡಾ ಕಾಫ್ ಕೂಡ ಅದೇ ಬೇರಿನಿಂದ ಹೊರಟದ್ದು. ಗಂಟಲಿನ ಆಳದಿಂದ ಹೊರಡುವ ಆ ಧ್ವನಿಯನ್ನು ರೋಮನ್ ಲಿಪಿಯಲ್ಲಿ ಬರೆಯಬೇಕಾದಾಗ ವಿದ್ವಾಂಸರು ಯು ಇಲ್ಲದ ಬರಿಯ ಕ್ಯೂವನ್ನು ಆರಿಸಿಕೊಂಡರು. ಆದ್ದರಿಂದಲೇ ಈ ಮೋಟು ಕ್ಯೂ ಪದಗಳಲ್ಲಿ ಬಹುಪಾಲು ಅರಬ್ಬಿ, ಫಾರಸಿ, ಉರ್ದು ಪದಗಳು. ಲಂಡನ್ನಿನ ಹುಡುಗ ಕಷ್ಟಪಟ್ಟು ಬಾಯಿಪಾಠ ಮಾಡುವುದನ್ನು ನಮ್ಮ ಮಕ್ಕಳು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದಿರುತ್ತಾರೆ.

ನಾನು ಹೇಳುವ ಪದಗಳೆಲ್ಲ ಕಾಲಿನ್ಸ್ ಸ್ಕ್ರ್ಯಾಬಲ್ ವರ್ಡ್ಸ್ ಎಂಬ ಪಟ್ಟಿಯವು. ಭಾರತವೂ ಸೇರಿ ಉತ್ತರ ಅಮೆರಿಕದ ಹೊರಗಿನ ಹೆಚ್ಚಿನ ಸ್ಪರ್ಧೆಗಳಲ್ಲಿ ಈ ಪಟ್ಟಿಯೇ ನಡೆಯುತ್ತದೆ. ಅದರಲ್ಲಿ ಸುಮಾರು 2,80,000 ಪದಗಳಿವೆ.

ಬುರ್ಖಾ ಇದೆ, ನಿಖಾಬ್ ಇದೆ, ತಲಾಕ್ ಇದೆ, ಫಕೀರ್ ಇದೆ. ಇವನ್ನು ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗ "ಇಷ್ಟೇನಾ ನಾವು?" ಎಂದ. ಒಳ್ಳೆಯ ಪ್ರಶ್ನೆಯೇ. ಇಷ್ಟೇ ಅಲ್ಲ ಎಂದು ಮುಂದಿನ ಪುಟಗಳನ್ನು ತೋರಿಸಿದೆ. ಕಿಬ್ಲಾ ಇದೆ, 16 ಅಂಕ. ವಕ್ಫ್ ಇದೆ, ನಾಲ್ಕೇ ಅಕ್ಷರಕ್ಕೆ 19 ಅಂಕ. ಧರ್ಮಶಾಸ್ತ್ರದ ಜ್ಞಾನವಾದ ಫಿಕ್ಹ್ ಇದೆ. ಪ್ರಶಸ್ತಿ ಕಾವ್ಯವಾದ ಕಸೀದಾ ಇದೆ. ಇನ್ಕಿಲಾಬ್ ಇದೆ, ಏಳು ಅಕ್ಷರ. ಹಳ್ಳಿಯ ಮುಖಂಡನಾದ ಮುಕದ್ದಮ್ ಇದ್ದಾನೆ. ನನಗೆ ಬಹಳ ಸಂತೋಷ ಕೊಟ್ಟದ್ದು ಕಲಂದಾನ್, ಲೇಖನಿ ಮತ್ತು ಮಸಿಯನ್ನು ಇಡುವ ಪುಟ್ಟ ಪೆಟ್ಟಿಗೆ. ನನ್ನ ತಾತನ ಬಳಿ ಹಿತ್ತಾಳೆಯದೊಂದು ಇತ್ತು. ಅದು ಇಂಗ್ಲಿಷ್ ಪದವಾಗಿ ಎಂಟು ಅಕ್ಷರಗಳಲ್ಲಿ ಪಟ್ಟಿಯಲ್ಲಿ ಕುಳಿತಿರುವುದನ್ನು ನೋಡಿ ಗುರುತಿನವರು ಪರದೇಶದಲ್ಲಿ ಸಿಕ್ಕ ಹಾಗಾಯಿತು.

ಕವ್ವಾಲಿಯನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಗಣಿತದ ಶಿಕ್ಷಕರು ದಯವಿಟ್ಟು ಲೆಕ್ಕ ಪರೀಕ್ಷಿಸಿ. ಕ್ಯೂ, ಎ, ಡಬ್ಲ್ಯು, ಡಬ್ಲ್ಯು, ಎ, ಎಲ್, ಐ: ಸರಿಯಾಗಿ ಏಳು ಅಕ್ಷರ. ಕ್ಯೂಗೆ 10, ಎರಡು ಡಬ್ಲ್ಯುಗೆ 8, ಉಳಿದ ನಾಲ್ಕಕ್ಕೆ 4, ಒಟ್ಟು 22. ಆಟದ ಮೊದಲ ಪದ ಹಲಗೆಯ ನಡುಮನೆಯನ್ನು ಹಾದು ಹೋಗಬೇಕು, ಅಲ್ಲಿ ಪದದ ಅಂಕ ಎರಡು ಪಟ್ಟು. ಆ ಸಾಲಿನ ನಾಲ್ಕನೆಯ ಮನೆಯಲ್ಲಿ ಅಕ್ಷರದ ಅಂಕ ಎರಡು ಪಟ್ಟು. ಕ್ಯೂವನ್ನು ಅಲ್ಲಿಂದ ಶುರುಮಾಡಿದರೆ 22ರ ಬದಲು 32, ಅದರ ಎರಡರಷ್ಟು 64, ಏಳೂ ಬಿಲ್ಲೆ ಇಟ್ಟದ್ದಕ್ಕೆ 50. ಒಟ್ಟು 114 ಅಂಕ, ಒಂದೇ ಏಟಿಗೆ! ಹಾಗೆ ಬಿಲ್ಲೆ ಬರುವುದು ಅದೃಷ್ಟ. ಬಂದಾಗ ಗುರುತಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಪದ ನಮ್ಮದಾದರೂ ಅರ್ಥ ನಮ್ಮದೇ ಇರಬೇಕೆಂದಿಲ್ಲ. 'ಕಾನೂನ್' ಎಂಬುದನ್ನು ಕ್ಯೂನಿಂದ ಬರೆದರೆ ಪಟ್ಟಿಯಲ್ಲಿದೆ. ಕನ್ನಡದ ಮಕ್ಕಳೂ ಉರ್ದು ಮಕ್ಕಳೂ ಒಂದೇ ದನಿಯಲ್ಲಿ ಅದಕ್ಕೆ ಕಾಯಿದೆ ಎಂದು ಅರ್ಥ ಹೇಳುತ್ತಾರೆ. ಇಂಗ್ಲಿಷ್ ನಿಘಂಟಿನಲ್ಲಿ ಅದು ಬೆರಳಿನಿಂದ ಮೀಟುವ ಒಂದು ತಂತಿವಾದ್ಯ! ಅರಬ್ ನಾಡುಗಳಲ್ಲಿ, ತುರ್ಕಿಯಲ್ಲಿ ಅದನ್ನು ಇಂದಿಗೂ ನುಡಿಸುತ್ತಾರೆ. ಎರಡೂ ಅರ್ಥಗಳು ಒಂದೇ ಗ್ರೀಕ್ ಪದದಿಂದ ಅರಬ್ಬಿಗೆ ಬಂದವು. ಹಾಗೆಯೇ ಕ್ಯೂ, ಎ, ಐ, ಡಿ. ಇಂಗ್ಲಿಷಿನಲ್ಲಿ ಇದು ನಾಯಕ ಅಥವಾ ಅಧಿಕಾರಿ. ಉರ್ದುವಿನಲ್ಲಿ ನಾಯಕ ಬೇರೆ, ಸೆರೆವಾಸ ಬೇರೆ; ಬರೆಯುವ ರೀತಿಯೂ ಬೇರೆ. ರೋಮನ್ ಅಕ್ಷರದಲ್ಲಿ ಎರಡೂ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ನಾಯಕನಿಗೂ ಕೈದಿಗೂ ನಡುವೆ ಒಂದೇ ಹಂಜಾ ಅಂತರ ಎಂದು ತರಗತಿಯಲ್ಲಿ ತಮಾಷೆ ಮಾಡಿದೆ. ಹಿಂದಿನ ಬೆಂಚಿನವರು ಬೇಕಾದ್ದಕ್ಕಿಂತ ಜೋರಾಗಿ ನಕ್ಕರು.

ಇನ್ನು ಕನಾತ್. ಮದುವೆ ಮನೆಯ ಬಟ್ಟೆಗೋಡೆಯ ಕನಾತ್ ಇದಲ್ಲ. ಇದು ನೆಲದೊಳಗಿನ ನೀರಿನ ಕಾಲುವೆ, 14 ಅಂಕ. ಗುಡ್ಡದ ಬುಡದ ಅಂತರ್ಜಲದಿಂದ ಊರಿನ ಕಡೆಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ಕೊರೆಯುತ್ತಾರೆ. ಗಾಳಿಗೆ ಮತ್ತು ಮಣ್ಣು ತೆಗೆಯುವುದಕ್ಕೆ ನಡುನಡುವೆ ಮೇಲಿನಿಂದ ಬಾವಿಯಂಥ ರಂಧ್ರಗಳು. ಪಂಪು ಬೇಡ, ಎತ್ತು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ನೆಲದೊಳಗಿರುವುದರಿಂದ ಬಿಸಿಲಿಗೆ ಆರುವುದೂ ಇಲ್ಲ. ಇರಾನಿನಲ್ಲಿ ಇದು ಬಹಳ ಪ್ರಾಚೀನ ವಿದ್ಯೆ. ಬಹಮನಿ ಅರಸರ ಕಾಲದಲ್ಲಿ ಆ ವಿದ್ಯೆ ನಮ್ಮ ಬೀದರಿಗೂ ಬಂತು. ನೌಬಾದಿನಲ್ಲಿ ಅದನ್ನು ಇಂದಿಗೂ ನೋಡಬಹುದು. ಅಲ್ಲಿಯವರು ಕರೇಜ್ ಎನ್ನುತ್ತಾರೆ, ಕೆಲವರು ಸುರಂಗ ಬಾವಿ ಎನ್ನುತ್ತಾರೆ. ಬೀದರಿನ ಕಡೆಗೆ ಪ್ರವಾಸ ಹೋಗುವ ಶಾಲೆಗಳು ಕೋಟೆ ನೋಡಿ ಹಿಂದಿರುಗಬಾರದು, ಇದನ್ನೂ ನೋಡಬೇಕು ಎಂದು ನನ್ನ ಕೋರಿಕೆ.

ಮೂರು ಅಕ್ಷರದ ಕಾತ್ ಎಂದರೆ ಯೆಮನಿನಲ್ಲಿ ಮಧ್ಯಾಹ್ನದ ಹೊತ್ತು ಜಗಿಯುವ ಒಂದು ಎಲೆ. ನಮ್ಮ ಎಲೆ ಅಡಿಕೆಯಂತೆ ಎಂದರೆ ಸರಿಹೋಗದು, ಅದರಲ್ಲಿ ಮತ್ತಿದೆ. ಎರಡೇ ಅಕ್ಷರದ 'ಚೀ' ಚೀನಾದವರ ಪ್ರಾಣಶಕ್ತಿ. ಬರೆಯುವುದು ಕ್ಯೂ, ಐ. ಕ್ಯೂ ಕೈಗೆ ಬಂದವರು ಎಲ್ಲಕ್ಕಿಂತ ಮೊದಲು ನೆನೆಯುವ ಪದ ಇದು.

ಕಾಗುಣಿತದ ಸಂಗತಿ ಇನ್ನೊಂದು ರಸವಾದ ವಿಷಯ. ನಾವು ಮಕ್ಕಳಿಗೆ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಕೆಂಪು ಶಾಯಿ ಎಳೆಯುತ್ತೇವೆ. ಇಂಗ್ಲಿಷ್ ನಿಘಂಟಿನವರು ಹಜ್ ಎಂಬ ಒಂದೇ ಪದವನ್ನು ಒಂದು ಜೆ ಹಾಕಿ, ಎರಡು ಜೆ ಹಾಕಿ, ಡಿ-ಜೆ ಹಾಕಿ, ಮೂರು ರೀತಿಯಲ್ಲೂ ಒಪ್ಪಿದ್ದಾರೆ. ಹಾಜಿಯೂ ಹಾಗೆಯೇ. ಅಮೀರನಿಗೆ ನಾಲ್ಕು ರೂಪ: ಎ ಇಂದ ಎರಡು, ಇ ಇಂದ ಎರಡು. ಜಿನ್ನ್‌ಗಳಂತೂ ಬೇಕಾದಂತೆ ರೂಪ ಬದಲಿಸುವವರು, ಅವರ ಕಾಗುಣಿತವೂ ಹಾಗೆಯೇ ಇದೆ. ಕಾರಣವಿಷ್ಟೇ. ಅರಬ್ಬಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಡಗಿನಲ್ಲಿ ಬಂದ ವ್ಯಾಪಾರಿ, ಸೈನಿಕ, ಪಾದ್ರಿ ತಮ್ಮ ತಮ್ಮ ಕಿವಿಗೆ ಬಿದ್ದಂತೆ ಬರೆದುಕೊಂಡರು. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು 1886ರಲ್ಲಿ ಇಂಥ ಪದಗಳನ್ನೆಲ್ಲ ಕಲೆಹಾಕಿ ಹಾಬ್ಸನ್-ಜಾಬ್ಸನ್ ಎಂಬ ದೊಡ್ಡ ಕೋಶವನ್ನೇ ಹೊರತಂದರು. ಆಟಗಾರರಿಗೆ ಈ ಗೊಂದಲವೇ ಸಂಪತ್ತು. ಒಂದು ರೂಪ ಕೂಡಿಬರದಿದ್ದರೆ ಇನ್ನೊಂದು ಇದ್ದೇ ಇದೆ.

ಉರ್ದು ಬಾರದ ಕನ್ನಡ ಮಕ್ಕಳು ನಮಗೇನು ಲಾಭ ಎಂದು ಬೇಸರಪಡಬೇಕಾಗಿಲ್ಲ. ತಾಲ್ಲೂಕು ಪಟ್ಟಿಯಲ್ಲಿದೆ, ತಹಶೀಲ್ದಾರ್ ಇದ್ದಾರೆ, ವಕೀಲರಿದ್ದಾರೆ, ಮೈಸೂರು ಸಂಸ್ಥಾನದ ಕಾಲದ ಅಮಲ್ದಾರರೂ ಇದ್ದಾರೆ. ಒಟ್ಟಿನಲ್ಲಿ ಕಚೇರಿಯೇ ಇದೆ. ಇವೆಲ್ಲ ಕನ್ನಡಕ್ಕೆ ಬಂದಂತೆಯೇ ಇಂಗ್ಲಿಷಿಗೂ ಬಂದವು. ರೈತ ಎಂಬ ಪದವನ್ನು ನೋಡಿ. ಅರಬ್ಬಿಯ ರಯ್ಯತ್ ಕನ್ನಡದಲ್ಲಿ ರೈತನಾಯಿತು, ಇಂಗ್ಲಿಷಿನಲ್ಲಿ ಆರ್, ವೈ, ಓ, ಟಿ ಆಗಿ 'ರಾಯಟ್' ಆಯಿತು. ನಮ್ಮ ಹುಡುಗನೊಬ್ಬ ರೈತ ಎಂದುಕೊಂಡು ಆರ್, ಎ, ಐ, ಟಿ, ಎ ಎಂದು ಜೋಡಿಸಿದ. ಅಂಕವೂ ಸಿಕ್ಕಿತು. ಆದರೆ ನಿಘಂಟಿನಲ್ಲಿ ಅದು ಬಿರಿಯಾನಿಯ ಜೊತೆ ತಿನ್ನುವ ಮೊಸರುಬಜ್ಜಿ! ಇಡ್ಲಿ, ದೋಸೆ, ರಾಗಿ ಮೂರೂ ಪಟ್ಟಿಯಲ್ಲಿವೆ. ನಾಗರಹೊಳೆ, ಬಂಡೀಪುರದ ಕಾಡುನಾಯಿಗೆ ಇಂಗ್ಲಿಷಿನಲ್ಲಿ 'ಢೋಲ್' ಎನ್ನುತ್ತಾರೆ. ಅದು ನಮ್ಮ ತೋಳ ಎಂಬ ಕನ್ನಡ ಪದದಿಂದಲೇ ಬಂದಿರಬಹುದು ಎಂದು ಕೆಲವು ನಿಘಂಟುಗಳು ಊಹಿಸುತ್ತವೆ.

ಯಾರ ಮನೆಯದೂ ಅಲ್ಲದ ಪದಗಳನ್ನು ಮಾತ್ರ ಕಲಿತೇ ತೀರಬೇಕು. ಛಾವಣಿಯ ಕಲ್ಲುಹಲಗೆ ಕತ್ತರಿಸುವ ಕೊಡಲಿ 'ಝ್ಯಾಕ್ಸ್', ಮೂರೇ ಅಕ್ಷರಕ್ಕೆ 19 ಅಂಕ. ವೇಲ್ಸ್ ದೇಶದವರ ಕಣಿವೆ 'ಕೂಮ್', ಅವರ ತಂತಿವಾದ್ಯ 'ಕ್ರೂತ್'. ಇವೆರಡರಲ್ಲೂ ಎ, ಇ, ಐ, ಓ, ಯು ಒಂದೂ ಇಲ್ಲ, ಡಬ್ಲ್ಯು ಸ್ವರದ ಕೆಲಸ ಮಾಡುತ್ತದೆ. ಎರಡು ಎ ಸೇರಿದರೆ ಹವಾಯಿ ದ್ವೀಪದ ಒರಟು ಲಾವಾ. ಎ, ಐ ಸೇರಿದರೆ ದಕ್ಷಿಣ ಅಮೆರಿಕದ ಮೂರು ಬೆರಳಿನ ಮಂದಗತಿಯ ಪ್ರಾಣಿ. ಯಾಕ್ ಮತ್ತು ಹಸುವಿನ ಮಿಶ್ರತಳಿಗೆ 'ಝೋ', ಅದಕ್ಕೂ ನಾಲ್ಕೈದು ಕಾಗುಣಿತ. ಎರಡಕ್ಷರದ ಪದಗಳು 2019ರ ಪರಿಷ್ಕರಣೆಯ ನಂತರ 127 ಇವೆ. ಸ್ಪರ್ಧೆಗೆ ಹೋಗುವ ಮಕ್ಕಳು ಮೊದಲು ಇವನ್ನು ಕಲಿಯಲಿ. ದೊಡ್ಡ ಪದಗಳ ಮೋಹ ಆಮೇಲೆ.

ಅರ್ಥ ಗೊತ್ತಿರಲೇಬೇಕೇ? ಈ ಪ್ರಶ್ನೆಗೆ ಆಟದ ಪ್ರಪಂಚ ಬೇಡ ಎನ್ನುತ್ತದೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಸ್ಪರ್ಧೆಯನ್ನೇ ಗೆದ್ದರು, ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಸುಮಾರು ಒಂಬತ್ತು ವಾರಗಳಲ್ಲಿ ಪದಪಟ್ಟಿಯನ್ನು ಕಣ್ಣಿನಲ್ಲೇ ತುಂಬಿಕೊಂಡಿದ್ದರಂತೆ. 2024ರಲ್ಲಿ ಸ್ಪ್ಯಾನಿಷ್ ಸ್ಪರ್ಧೆಯನ್ನೂ ಹಾಗೆಯೇ ಗೆದ್ದರು. 2003ರಲ್ಲಿ ಇಂಗ್ಲಿಷಿನ ವಿಶ್ವ ಚಾಂಪಿಯನ್ ಆದವರು ಥಾಯ್ಲೆಂಡಿನವರು, 2015ರಲ್ಲಿ ನೈಜೀರಿಯಾದವರು. ಇಂಗ್ಲಿಷ್ ಮನೆಮಾತಲ್ಲದ ನಾಡಿನವರೂ ಇಂಗ್ಲಿಷಿನ ಹಲಗೆಯ ಮೇಲೆ ಗೆಲ್ಲಬಹುದು ಎಂಬುದಕ್ಕೆ ಇವರು ಸಾಕ್ಷಿ. ನಮ್ಮ ಮಕ್ಕಳು ಇದನ್ನು ತಿಳಿಯಬೇಕು.

ಆದರೆ ನಾನು ಶಿಕ್ಷಕಿ, ಅರ್ಥ ಬಿಟ್ಟು ಅಕ್ಷರ ಎಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಾಯಿಪಾಠ ನಮ್ಮ ಮಕ್ಕಳಿಗೆ ಈಗಾಗಲೇ ಬೇಕಾದಷ್ಟಿದೆ. ಇಂಗ್ಲಿಷ್ ಎಂದರೆ ಮನೆಯಲ್ಲಿ ಗೊತ್ತಿರುವುದನ್ನೆಲ್ಲ ಚಪ್ಪಲಿಯಂತೆ ತರಗತಿಯ ಬಾಗಿಲ ಹೊರಗೆ ಬಿಟ್ಟು ಬರುವುದು ಎಂಬ ಭಾವನೆ ಅವರಲ್ಲಿದೆ. ಆ ಭಾವನೆಯನ್ನು ಹುಟ್ಟಿಸಿದವರಲ್ಲಿ ನಾನೂ ಒಬ್ಬಳು, 'ತೆಗಿ' ಎಂದವಳು ನಾನೇ ತಾನೆ.

ಈಗ ನಮ್ಮ ತರಗತಿಯ ಬೀರುವಿನಲ್ಲಿ ಒಂದು ನೂರು ಪುಟದ ನೋಟ್ ಪುಸ್ತಕವಿದೆ. ಪ್ರತಿ ಪುಟದಲ್ಲಿ ಮೂರು ಗೀಟು. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ನಿಘಂಟಿನ ಅರ್ಥ, ಮೂರನೆಯದರಲ್ಲಿ ಮನೆಯಲ್ಲಿ ಏನೆನ್ನುತ್ತಾರೆ. ಖಾಜಿಯ ಹುಡುಗಿಯೇ ಅದರ ಮೊದಲ ಪುಟ ಬರೆದಳು. ಮೂರನೆಯ ಗೀಟಿನಲ್ಲಿ ಬರುವಷ್ಟು ಸೊಗಸು ಎರಡನೆಯದರಲ್ಲಿ ಎಂದೂ ಬರುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಟೀಪಾಯಿ ಎಂಬ ಪದ ತಂದ. ಟೀ ಕುಡಿಯುವ ಮೇಜು, ಆದ್ದರಿಂದ ಟೀಪಾಯಿ ಎಂದು ನಾನೂ ಇಷ್ಟು ವರ್ಷ ನಂಬಿದ್ದೆ. ಇಂಗ್ಲಿಷಿನವರೂ ಹಾಗೆಂದುಕೊಂಡೇ ಅದಕ್ಕೆ ಚಹಾದ ಕಾಗುಣಿತ ಹಾಕಿದರು. ಹುಡುಗನ ತಂದೆ ಬಡಗಿ. ಮಗ ಕೇಳಿದಾಗ ಅವರು ರಂದ ಕೆಳಗಿಟ್ಟು, "ಟೀ ಅಲ್ಲವೋ, ತೀನ್. ಚಾರ್‌ಪಾಯಿ ಅಂದರೆ ನಾಲ್ಕು ಕಾಲಿನದು, ಇದು ಮೂರು ಕಾಲಿನದು" ಎಂದರಂತೆ. ನಿಘಂಟಿನ ಮೂಲಾರ್ಥದಲ್ಲೂ ಹಾಗೆಯೇ ಇದೆ, ನಾನು ನೋಡಿದೆ. ಹುಡುಗ ಮೂರನೆಯ ಗೀಟಿನಲ್ಲಿ ಅದನ್ನು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾನೆ: "ಅಪ್ಪ ಮಾಡುವ ಟೀಪಾಯಿಗೆ ಮಾತ್ರ ನಾಲ್ಕು ಕಾಲು ಇರುತ್ತದೆ, ಗಿರಾಕಿಗಳು ಕೇಳುವುದಿಲ್ಲ."